ಹೊಸ್ತಿಲಿಗೆ ಅಡ್ಡ ಕೂತವರು

ಕತ್ತಿನ ಮೇಲೆ ಮಚ್ಚು!

ಹಿಡಿದಿದ್ದವನು ನನ್ನ ಅಕ್ಕನ ಮಗ ದೇವರಾಜು. ಮಚ್ಚಿಗೆ ಹೊಸ ಕೈ... ಹೊಸ ಕೈ ಬಲು ಡೇಂಜರ್ ಸ್ವಾಮಿ!

"ಅಡ್ಡ ಬರ್ಬ್ಯಾಡ ಮಾವ. ಲಾರಿ ಕಾಯ್ತಾ ಅದೆ."

"ಓಗ್ಲಾ. ಮೊದ್ಲು ನನ್ನ ಕಡ್ದು ಓಗು."

ನಾನು ಸಣ್ಣಯ್ಯ. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆವರೆಗೆ ಜಗಳ ರಾಜಿ ಮಾಡಿಸುವುದು ನನ್ನ ಕಸುಬು. ಎಪ್ಪತ್ತೊಂದನೇ ಇಸವಿ. ನಾವು ನಿಂತಿದ್ದ ಗಂಜಾಂ ಗರಡಿಯ ಹುಡುಗರನ್ನು ಸಾರಾಯಿ ಕಂಟ್ರಾಕ್ಟರ್ ಚಿಕ್ಕಸ್ವಾಮಿ ತನ್ನ ಗ್ಯಾಂಗಿಗೆ ಎಳೆದುಕೊಂಡಿದ್ದ. ಅವತ್ತು ಪಾಂಡವಪುರದಲ್ಲಿ ಅವನ ಎದುರಾಳಿಯ ತಲೆ ಒಡೆಯುವ ಕೆಲಸ. ಲಾರಿ ಹತ್ತಿದರೆ ಮುಗಿಯಿತು... ಇಳಿಯುವುದು ಜೈಲಿನಲ್ಲೇ!

ಹೊರಗೆ ಹಾರ್ನ್!

ನಾನೊಬ್ಬ. ಹುಡುಗರೋ ಒಂದು ದಂಡು. ಅದಕ್ಕೇ ಅವರ ತಾಯಂದಿರಿಗೆ ಹೇಳಿ ಕಳಿಸಿದ್ದೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹೊಸ್ತಿಲಾಚೆ ಕೂರುವುದಕ್ಕೆ ಯಾರಪ್ಪನ ಅಡ್ಡಿ?

ಬಂದರು! ಇದ್ದದ್ದೇ ಒಂದು ಬಾಗಿಲು. ಅದಕ್ಕೆ ಅಡ್ಡಲಾಗಿ ಕಾಲು ಚಾಚಿ ಕೂತರು. ಎಲ್ಲರ ಮುಂದೆ ಮುದುಕಿ ಅಣ್ಣಮ್ಮ. ಚಿಕ್ಕಸ್ವಾಮಿಗಾಗಿ ಹೊಡೆದಾಡಿ ಅವಳ ಮಗ ಜೈಲು ಸೇರಿದ್ದ.

"ದಾಟ್ಕಂಡೋಗ್ರುಲಾ!" ಎಂದಳು ನಮ್ಮಕ್ಕ ಯಶೋದಮ್ಮ. "ಎತ್ತೋಳ್ನ ದಾಟೋ ಗಂಡ್ಸು ಯಾವನವ್ನೆ ನೋಡಾನ!"

ಯಾರೂ ಅಲುಗಲಿಲ್ಲ. ಮಲಗಿದ ಮಗುವನ್ನೂ ದಾಟದ ಊರು ನಮ್ಮದು.

"ಲೇ ದೇವರಾಜು," ಅಣ್ಣಮ್ಮ ಕೂಗಿದಳು. "ನನ್ನ ಮಗಂಗೂ ಇದೇ ಲಾರಿ ಬಂದಿತ್ತು ಕಣ್ಲಾ. ವರ್ಸಾಯ್ತು. ಈ ಚಿಕ್ಕಸ್ವಾಮಿ ಒಂದಿನ ಜೈಲ್ತಾವ ಓಗಿ ಅವನ ಮಕ ನೋಡ್ನಿಲ್ಲ. ಕೇಳ್ಲಾ ಅವುನ್ನ!"

ದೇವರಾಜು ಹೊರಗೆ ಲಾರಿಯಲ್ಲಿ ಕೂತಿದ್ದ ಚಿಕ್ಕಸ್ವಾಮಿಯ ಕಡೆ ನೋಡಿದ. "ದಿಟ್ವಾ ಅಣ್ಣಾ?"

ಚಿಕ್ಕಸ್ವಾಮಿ ಲಾರಿಯಿಂದ ಧುಮುಕಿದ. "ಮುದ್ಕೀರ್ ಮಾತು ಕೇಳ್ತಾ ನಿಂತ್ಕಂಡ್ಯೇನ್ಲಾ? ನಡೀರ್ಲಾ!"

ಬಂದವನೇ... ಅಣ್ಣಮ್ಮನ ಕಾಲು ದಾಟಿ ಒಳಕ್ಕೆ ನುಗ್ಗಿದ!

ಹುಡುಗರೆಲ್ಲ ಅವನ ಕಡೆ ತಿರುಗಿದರು.

ರಕ್ತ ಹರಿಸಿದ್ದರೂ ಆ ಹುಡುಗರು ಒಪ್ಪಿಕೊಳ್ಳುತ್ತಿದ್ದರು. ಇದನ್ನು ಒಪ್ಪಲಿಲ್ಲ.

ನನ್ನ ಕತ್ತಿನಿಂದ ಮಚ್ಚು ಇಳಿಯಿತು.

"ನಾಳೀಕೆ ನಮ್ಮವ್ವನ್ನೂ ಇಂಗೇ ದಾಟ್ತೀಯ, ಅಲ್ವಾ?" ದೇವರಾಜು ಮಚ್ಚನ್ನು ನೆಲಕ್ಕೆಸೆದ. ಅದರ ಹಿಂದೆ ಇನ್ನೊಂದು... ಮತ್ತೊಂದು!

ಚಿಕ್ಕಸ್ವಾಮಿ ಬಾಗಿಲಿಗೆ ತಿರುಗಿದ. ತಾಯಂದಿರು ಎದ್ದು ಒತ್ತೊತ್ತಾಗಿ ನಿಂತಿದ್ದರು.

"ದಾರಿ ಬುಡ್ರಮ್ಮೋ!"

"ಕುಂತ್ಕೊ ಬುಡಪ್ಪ," ಎಂದಳು ಅಣ್ಣಮ್ಮ. "ಮಿಕ್ಕೋರೆಲ್ಲ ಇನ್ನೂ ಮಾತಾಡ್ಬೇಕು."

ಪಾಪ! ಕೋರ್ಟಿನಲ್ಲಾಗಿದ್ದರೆ ವಾಯಿದೆಯಾದರೂ ಸಿಗುತ್ತಿತ್ತು.