‘ನಿನಗೆ’ ಎಂದು ಬಂದ ಪತ್ರ

“ಯಾರೂ ಏನೂ ಮುಟ್ಟಬೇಡಿ. ವೈರಸ್ ಬಂದಿದೆ.”

ಮುದ್ರಣಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಒಂದೊಂದೇ ತಂತಿ ಕೀಳುತ್ತ ಅವಳ ಮೇಜಿನ ಮುಂದೆ ನಿಂತ. ಪುಟ ಟೈಪು ಮಾಡುತ್ತಿದ್ದ ಅವಳು ಕೀಲಿಮಣೆಯಿಂದ ಕೈ ತೆಗೆದಳು.

ತಂದಿದ್ದು ನಾನೇ...

ಬೆಳಿಗ್ಗೆ, ಈಗ ಎದುರು ನಿಂತಿರುವ ಅವನ ಹೆಸರಿನಲ್ಲೇ ಇಮೇಲ್ ಬಂದಿತ್ತು. ‘ನಿನಗೊಂದು ಮಾತು ಹೇಳಬೇಕು.’ ಜೊತೆಗೊಂದು ಫೈಲು. ಎರಡು ವರ್ಷದಿಂದ ‘ನೀವು’ ಬಿಟ್ಟು ಮಾತಾಡದವನು ‘ನಿನಗೆ’ ಎಂದಿದ್ದಾನೆ! ಒತ್ತಿಬಿಟ್ಟಳು. ಒಳಗೆ ಏನೂ ಇರಲಿಲ್ಲ. ಆದರೆ ಅಷ್ಟರಲ್ಲೇ ಅದು ಅವಳ ವಿಳಾಸಪಟ್ಟಿ ಹಿಡಿದು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಅದೇ ಪತ್ರ ಕಳಿಸತೊಡಗಿತ್ತು.

ಯಜಮಾನರಿಗೆ ಬಂದದ್ದು, ಎಲ್ಲರೂ ದೊಡ್ಡಪ್ಪ ಎನ್ನುವ ಕರಡು ತಿದ್ದುವ ಮುದುಕರ ಹೆಸರಿನಲ್ಲಿ.

“ನನಗೇ ‘ನಿನಗೆ’ ಅಂತ ಬರೀತೀರಾ? ಮೇಲೆ ವೈರಸ್ ಬೇರೆ. ನಾಳೆಯಿಂದ ಬರಬೇಡಿ.”

“ಆ ಡಬ್ಬ ಆನ್ ಮಾಡೋಕೇ ನಂಗೆ ಬರಲ್ಲ ಸ್ವಾಮಿ...” ದೊಡ್ಡಪ್ಪ ಕೈಮುಗಿದರು.

ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ. ಅವರ ಅನ್ನ ಹೋಗುತ್ತದೆ.

“ತಪ್ಪು ನಂದು,” ಎಂದಳು, ತಂತಿ ಹಿಡಿದು ನಿಂತಿದ್ದವನತ್ತ ಕೈ ತೋರಿಸಿ. “ಇವರ ಹೆಸರಲ್ಲಿ ಬಂದಿತ್ತು. ನಾನೇ ತೆರೆದೆ.”

“ಕೇಳದೆ ಫೈಲು ತೆರೀಬಾರ್ದು ಅಂತ ಗೋಡೆ ಮೇಲಿದ್ಯಲ್ಲಮ್ಮ. ಅದನ್ನ ಟೈಪ್ ಮಾಡಿದ್ದೇ ನೀನು. ಮತ್ಯಾಕೆ ತೆರೆದೆ?” ಎಂದರು ಯಜಮಾನರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “‘ನಿನಗೆ’ ಅಂತಿತ್ತು... ಇವರು ನನ್ನ ಹಾಗೆ ಕರೀಲಿ ಅಂತ ಆಸೆಯಿತ್ತು.”

ಅವಳು ತಲೆ ತಗ್ಗಿಸಿದಳು.

“ಇವರೊಬ್ಬರದ್ದೇ ತಪ್ಪಲ್ಲ,” ಎಂದ ಅವನು, ಕೈಯಲ್ಲಿದ್ದ ತಂತಿ ನೋಡುತ್ತ. “ಇವರ ಹೆಸರಲ್ಲಿ ನಂಗೂ ಬಂತು. ಊರಿಗೆಲ್ಲ ಬುದ್ಧಿ ಹೇಳೋ ನಾನೂ ತೆರೆದೆ. ಎಲ್ಲ ಕಂಪ್ಯೂಟರಿಗೂ ದಾರಿ ಇರೋದು ನನ್ನದರಿಂದ. ಹಬ್ಬಿದ್ದು ಅಲ್ಲಿಂದ.”

“ನಿಮ್ಮಿಬ್ಬರ ಓಲೆಗೆ ನನ್ನ ಕೆಲಸ ಹೋಗ್ತಿತ್ತಲ್ಲೋ!” ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಯಜಮಾನರು ಕೆಮ್ಮಿದರು. “ದೊಡ್ಡಪ್ಪ, ನಾಳೆ ಬನ್ನಿ. ನೀವಿಬ್ಬರೂ ಹಾಳಾದ ಪುಟ ಅಷ್ಟೂ ಮತ್ತೆ ಟೈಪ್ ಮಾಡಿ.”

ಉಳಿದವರು ಊಟಕ್ಕೆ ಎದ್ದರು. ಅವಳು ತಲೆಯೆತ್ತಲಿಲ್ಲ.

“ನನ್ನ ಮುಖ ನೋಡಬೇಡಿ. ನಾಚಿಕೆಯಾಗ್ತಿದೆ.”

“ಹಾಗಾದ್ರೆ ಪಕ್ಕದಲ್ಲಿ ಕೂತ್ಕೋತೀನಿ. ಮುಖ ಕಾಣಲ್ಲ.” ಅವನು ಕುರ್ಚಿ ಎಳೆದುಕೊಂಡ.

“ಎಷ್ಟು ಹೊತ್ತು?”

“ನೀವು ‘ಎದ್ದು ಹೋಗು’ ಅನ್ನೋವರೆಗೆ.”

“ನಾನು ಅನ್ನಲ್ಲ...”