ನಿದ್ದೆಯಿಂದ ಏಳದ ಮಗು

ಎಷ್ಟು ಅಲುಗಾಡಿಸಿದರೂ ತೊಟ್ಟಿಲಲ್ಲಿದ್ದ ಮಗು ಕಣ್ಣು ತೆರೆಯಲಿಲ್ಲ. ಮೈ ತಣ್ಣಗಿತ್ತು. ಕವಿತಳ ಕೂಗಿಗೆ ಸಾದಲಿಯ ಆ ಬೀದಿಯೇ ನೆರೆಯಿತು. ಗಂಡ ಗಂಗಾಧರ್ ಒಂದೂವರೆ ವರ್ಷದ ಜಗನ್‌ನನ್ನು ಎದೆಗವಚಿಕೊಂಡು, ಸಿಕ್ಕಿದ ಆಟೋ ಹತ್ತಿ ಶಿಡ್ಲಘಟ್ಟದ ಆಸ್ಪತ್ರೆಗೆ ಧಾವಿಸಿದ.

ಸಬ್ ಇನ್‌ಸ್ಪೆಕ್ಟರ್ ರಾಧಾಮಣಿ ಅಲ್ಲಿಗೆ ಬಂದಾಗ ಡಾಕ್ಟರು ಮಗುವಿನ ಕಣ್ಣಿಗೆ ಟಾರ್ಚ್ ಬಿಡುತ್ತಿದ್ದರು.

"ಪಾಪೆ ಸಾಸಿವೆಯಷ್ಟಾಗಿದೆ. ನಾಡಿ ನಿಧಾನ. ಯಾವುದೋ ಔಷಧಿ ಮೈಗೆ ಸೇರಿದೆ. ಏನಂತ ಬೇಗ ಗೊತ್ತಾಗ್ಬೇಕು."

"ಸ್ಪ್ರೇ ಮೇಡಮ್!" ಗಂಗಾಧರ್ ಕಿರುಚಿದ. "ಪಕ್ಕದ ತೋಟದ ಮುನಿವೆಂಕಟಪ್ಪ ಬೆಳಗ್ಗೆ ಟೊಮೇಟೊಗೆ ಹೊಡೀತಿದ್ದ. ಬದುವಿನ ಜಗಳ ಐತೆ. ಬೇಕಂತ್ಲೇ ಮಾಡವ್ನೆ!"

ರಾಧಾಮಣಿ ಮಗುವಿನ ಪಾದ ಮುಟ್ಟಿದಳು. ಗೌರಿಬಿದನೂರಿನಲ್ಲಿ ಅಮ್ಮನ ಬಳಿ ಬಿಟ್ಟುಬಂದ ದಿನ ತನ್ನ ಮಗಳ ಪಾದವೂ ಇಷ್ಟೇ ಇತ್ತು. ಈಗ ಎಷ್ಟಾಗಿದೆಯೋ.

*

ಮನೆಯಲ್ಲಿದ್ದವಳು ಗಂಗಾಧರನ ಅಕ್ಕ ಅನಸೂಯಮ್ಮ ಒಬ್ಬಳೇ. ಮಕ್ಕಳಾಗಲಿಲ್ಲವೆಂದು ಗಂಡ ಬೇರೆ ಮದುವೆಯಾದ ಮೇಲೆ ತಮ್ಮನ ಮನೆ ಸೇರಿದವಳು.

"ಬಗೂಗೆ ರಾತ್ರಿಯೆಲ್ಲಾ ದೆಗಡಿ. ಬೂಗು ಕಟ್ಟಿ ಅತ್ತಿತ್ತು. ಬೆಳಗ್ಗೆ ಬಲಗಿತು, ಬೇಡಬ್ಬ."

ಮ ಎಲ್ಲ ಬ ಆಗಿತ್ತು, ನ ಎಲ್ಲ ದ. ಅತ್ತೂ ಅತ್ತೂ ಮೂಗು ಕಟ್ಟಿದೆ ಎಂದುಕೊಂಡಳು ರಾಧಾಮಣಿ.

ಪೊಲೀಸರು ಮುನಿವೆಂಕಟಪ್ಪನನ್ನು ಕರೆತಂದಿದ್ದರು. "ಹೊಡ್ದಿದ್ದು ನಿಜ ತಾಯಿ. ಗಾಳಿ ಆ ಕಡೆಗಿತ್ತು, ಈ ಮನೆ ಕಡೆಗಲ್ಲ. ಮಗೂಗೆ ವಿಷ ಹಾಕೋ ಪಾಪಿ ನಾನಲ್ಲ."

ರಾಧಾಮಣಿ ತೊಟ್ಟಿಲ ಪಕ್ಕದ ಕೋಣೆಗೆ ಇಣುಕಿದಳು. ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಒಂದೂ ಸತ್ತಿರಲಿಲ್ಲ.

ಅಷ್ಟರಲ್ಲಿ ಹಿತ್ತಲಿಂದ ಅನಸೂಯಮ್ಮ ಬಂದಳು.

"ಮಗು ಕಣ್ಣು ಬಿಡ್ತಾ ಮೇಡಮ್ಮ?"

ರಾಧಾಮಣಿ ತಟ್ಟನೆ ತಿರುಗಿದಳು. ಅನಸೂಯಮ್ಮನ ಸೆರಗಿನ ತುದಿಯಲ್ಲಿ ಏನನ್ನೋ ಕಟ್ಟಿದ್ದ ಗಂಟಿತ್ತು.

"ಸೆರಗಿನ ಗಂಟು ಬಿಚ್ಚಮ್ಮ."

ಬೆರಳುದ್ದದ ಸ್ಪ್ರೇ ಬಾಟಲಿ ನೆಲಕ್ಕೆ ಬಿತ್ತು. ರಾಧಾಮಣಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಅದರ ಹೆಸರು ಓದಿದಳು.

*

"ಸ್ಪ್ರೇನೇ ಗಂಗಾಧರ್. ಆದ್ರೆ ತೋಟದ್ದಲ್ಲ, ಮೂಗಿಂದು," ಎಂದಳು ಅನಸೂಯಮ್ಮನನ್ನು ಆಸ್ಪತ್ರೆಗೆ ಕರೆತಂದ ರಾಧಾಮಣಿ. "ಟೊಮೇಟೊ ಔಷಧಿ ಮನೆಯೊಳಗೆ ಬಂದಿದ್ರೆ ಮೊದಲು ಹುಳು ಸಾಯ್ತಿತ್ತು. ರಾತ್ರಿಯೆಲ್ಲ ಕಟ್ಟಿದ್ದ ಮಗುವಿನ ಮೂಗು ಬೆಳಗ್ಗೆ ಹೇಗೆ ಬಿಡ್ತು? ನಿಮ್ಮಕ್ಕ ಹಿತ್ತಲಿಗೆ ಹೋಗಿ ಬರೋದ್ರೊಳಗೆ ಅವರ ಮೂಗು ಹೇಗೆ ಬಿಡ್ತೋ ಹಾಗೇ. ಮೊದಲು 'ಬೇಡಬ್ಬ' ಅಂದವರು ಬಂದಾಗ 'ಮೇಡಮ್ಮ' ಅಂದ್ರು."

ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. "ಇದು ದೊಡ್ಡವರದು. ಎಳೆ ಮಕ್ಕಳಿಗೆ ಹಾಕಿದ್ರೆ ಬರೋದು ನಿದ್ದೆಯಲ್ಲ, ಮಂಪರು. ಎದೆಬಡಿತ ಇಳಿದುಹೋಗುತ್ತೆ. ನೀವು ಯಾವಾಗಿಂದ ಹಾಕ್ಕೊಳ್ತಿದ್ದೀರಮ್ಮ?"

"ದೀಪಾವಳಿಯಿಂದ."

"ಮೂರ್ನಾಲ್ಕು ದಿನ ದಾಟಿದ್ರೆ ಈ ಔಷಧಿನೇ ಮೂಗು ಕಟ್ಟಿಸುತ್ತೆ. ನಿಲ್ಲಿಸಿಬಿಡಿ."

ಅನಸೂಯಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. "ಕವಿತ ಸೊಪ್ಪಿಗೆ ಹೋಗಿದ್ಲು. ನಂಗೆ ಬಿಟ್ಟಂಗೆ ಅದ್ಕೂ ಬಿಡ್ಲಿ ಅಂತ ಹೊಡ್ದೆ. ಸಾಲ್ದು ಅಂತ ಇನ್ನೊಂದಷ್ಟು ಹೊಡ್ದೆ. ಯಾವತ್ತೂ ಅವರಮ್ಮನೇ ಬೇಕು ಅದಕ್ಕೆ. ಇವತ್ತು ನನ್ ತೊಡೆ ಮೇಲೆ ಮಲಗ್ತು. ಎಷ್ಟೊತ್ತು ಹಂಗೇ ನೋಡ್ತಾ ಕೂತಿದ್ನೋ. ಎಬ್ಬಿಸೋಕೆ ಮನಸೇ ಬರ್ಲಿಲ್ಲ."

"ಮುನಿವೆಂಕಟಪ್ಪನ್ನ ಹಿಡಿದಾಗ್ಲಾದ್ರೂ ಹೇಳ್ಬೇಕಿತ್ತಲ್ಲ?" ರಾಧಾಮಣಿ ಕೇಳಿದಳು.

"ಹೇಳಿದ್ರೆ ಮಗೂನ ಇನ್ನ ನನ್ ಕೈಗೆ ಕೊಡಲ್ಲ ಅಂತ…" ಅನಸೂಯಮ್ಮ ತಲೆ ಎತ್ತಿದಳು. "ಕೊಡಲ್ಲ, ಅಲ್ವೇನಮ್ಮ?"

ಗಂಗಾಧರ್ ಮುಖ ತಿರುಗಿಸಿಕೊಂಡು, ಮುನಿವೆಂಕಟಪ್ಪನಲ್ಲಿ ಕ್ಷಮೆ ಕೇಳಲು ಹೊರಟ.

ಸಂಜೆಗೆ ವಾರ್ಡಿನೊಳಗೆ ಜಗನ್ ಜೋರಾಗಿ ಅತ್ತ. ಹೊರಗೆ ಬೆಂಚಿನ ಮೇಲಿದ್ದ ಅನಸೂಯಮ್ಮ ಎರಡೂ ಕೈ ಚಾಚಿ ಎದ್ದು ನಿಂತಳು. ಒಳಗಿನಿಂದ ಕವಿತ ಮಗುವನ್ನು ಸಮಾಧಾನ ಮಾಡುವ ದನಿ ಕೇಳಿತು. ಅನಸೂಯಮ್ಮ ಮೆಲ್ಲಗೆ ಕೂತಳು.