ಗೆರೆ ಮೂಡುವ ಮೊದಲು

"ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಒಂದು ಕೊಡ್ರಿ."

ಹೊಸಪೇಟೆಯ ಬಸ್ ನಿಲ್ದಾಣದ ಎದುರಿಗಿದ್ದ ಔಷಧಿ ಅಂಗಡಿಯಲ್ಲಿ ಮೇಧಾ ಈ ಮಾತನ್ನು ತಗ್ಗಿದ ದನಿಯಲ್ಲಿ ಹೇಳಲಿಲ್ಲ. ಕೆಮ್ಮಿನ ಔಷಧಿಗೆಂದು ಪಕ್ಕದಲ್ಲಿ ನಿಂತಿದ್ದ ಅದಿರು ಲಾರಿಯ ಚಾಲಕರೂ ಅದನ್ನು ಕೇಳಿಸಿಕೊಂಡರು.

ಅಂಗಡಿಯವನ ಕಣ್ಣು ಮೊದಲು ಹೋದದ್ದು ಅವಳ ಕೊರಳಿಗೆ. ಅಲ್ಲಿ ತಾಳಿ ಇರಲಿಲ್ಲ.

"ಯಾರಿಗ್ರಿ?"

"ನನಗ."

"ಮನಿಯವರನ್ನ ಕಳಸ್ರಿ. ಹಿಂಗ ಹುಡುಗೇರು ಬಂದು ಕೇಳಿದ್ರ ಕೊಡಂಗಿಲ್ಲ."

"ಪರೀಕ್ಷೆ ಮಾಡ್ಕೊಳ್ಳಾಕಿ ನಾನು. ಮನಿಯವರು ಬಂದು ಏನ್ ಮಾಡ್ತಾರ? ಕೊಡಂಗಿಲ್ಲ ಅಂತ ಎಲ್ಲಿ ಬೋರ್ಡ್ ಹಾಕೀರಿ ತೋರಸ್ರಿ. ಓದಿಕೊಂಡು ಹೋಗ್ತೀನಿ."

ಚಾಲಕರಲ್ಲೊಬ್ಬ ನಕ್ಕುಬಿಟ್ಟ. "ಕೊಡಪ್ಪಾ ಸಾವ್ಕಾರ. ಅಕ್ಕಾರು ಬೋರ್ಡ್ ಬರಿಸೇ ಹೋಗ್ತಾರ ಈಗ."

ಅಂಗಡಿಯವನು ಪೆಟ್ಟಿಗೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತತೊಡಗಿದ.

"ಪೇಪರ್ ಬ್ಯಾಡ. ಹಂಗ ಕೊಡ್ರಿ."

ಮೇಧಾ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ತಿರುಗಿದಳು. ಮೆಟ್ಟಿಲ ಮೇಲೆ ವಿಜಯಕುಮಾರ್ ನಿಂತಿದ್ದ. ಅಂಗಿಯ ತುಂಬ ಕೆಂಪು ಧೂಳು. ಅವನ ದೃಷ್ಟಿ ಅವಳ ಮುಖದಿಂದ ಕೈಗೆ ಇಳಿದು ಅಲ್ಲಿಯೇ ನಿಂತಿತು.

"ಮೇಧಾ... ಅದು ಯಾಕ?"

*ಯಾಕ ಅಂತ ಇವನು ಕೇಳುತ್ತಾನೆ!*

"ನಿನಗ ಗೊತ್ತಿಲ್ಲೇನು?" ಎಂದವಳು ಅವನನ್ನು ದಾಟಿ ಬಿಸಿಲಿಗೆ ನಡೆದಳು.

ವಿಜಯಕುಮಾರ್ ಬಂಡ್ರಿಯವನು. ಕೂಲಿ ಮಾಡಿ ಓದಿಸಿದ ಭೀಮವ್ವನ ಮಗ. ಸಂಡೂರಿನ ಒಂದು ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವ ಕೆಮಿಸ್ಟ್. ಅದೇ ಕಂಪನಿಯ ಹೊಸಪೇಟೆ ಕಚೇರಿಯಲ್ಲಿ ಮೇಧಾಳಿಗೆ ಕಂಪ್ಯೂಟರ್ ಕೆಲಸ. ಅದಿರಿಗೆ ಬೆಲೆ ಏರಿ, ಊರಿನ ಗಿಡಮರಗಳೆಲ್ಲ ಕೆಂಪಗಾಗಿದ್ದ ಆ ವರ್ಷಗಳಲ್ಲಿ ಇವರಿಬ್ಬರ ಪ್ರೀತಿ ಸದ್ದಿಲ್ಲದೆ ಬೆಳೆದಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುವುದೆಂದು ಮಾತಾಗಿತ್ತು. ಮೇಧಾಳನ್ನು ಸಾಕಿದ ಸೋದರತ್ತೆಗೆ ಹೇಳುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಮೇಧಾಳಿಗೆ ತಿಂಗಳು ತಪ್ಪಿತು.

ಅವಳು ಮೊದಲು ಹೇಳಿದ್ದು ಅವನಿಗೇ. "ಅಂಜಬ್ಯಾಡ. ನಾಳೆ ಬಂದು ನಿಮ್ಮ ಅತ್ತಿ ಮುಂದ ನಾನೇ ಮಾತಾಡ್ತೀನಿ" ಎಂದು ಅವನು ಫೋನಿನಲ್ಲಿ ಹೇಳಿದ್ದ.

ಮರುದಿನ ಬಂದದ್ದೂ ನಿಜ. ಅವನ ಮೋಟಾರ್ ಸೈಕಲ್ಲಿನ ಸದ್ದು ಗೇಟಿನ ಬಳಿ ನಿಂತದ್ದನ್ನು ಅವಳು ಕೇಳಿದ್ದಳು. ಸ್ವಲ್ಪ ಹೊತ್ತಿಗೆ ಅದು ಹೊರಟುಹೋದದ್ದನ್ನೂ ಕೇಳಿದ್ದಳು. ಸಂಜೆ ಅವನಿಂದ ಒಂದು ಮೆಸೇಜು ಬಂದಿತ್ತು. *ಒಳ್ಳೇದಾತು. ಇನ್ನ ಚಿಂತಿ ಇಲ್ಲ. ಆರಾಮ ತಗೋ.*

ಆ ಮೇಲೆ ಅವನ ಯಾವ ಕರೆಯನ್ನೂ ಅವಳು ಎತ್ತಿರಲಿಲ್ಲ.

ಈಗ ಅವನು ಹಿಂದೆಯೇ ಓಡಿಬಂದು, ನಿಲ್ದಾಣದ ಬೇವಿನ ಮರದ ಕೆಳಗೆ ಅವಳ ದಾರಿಗೆ ಅಡ್ಡ ನಿಂತ.

"ಏನೂ ಆಗಿಲ್ಲ ಅಂತ ತಿಳ್ಕೊಂಡಿದ್ನಲ್ಲ ಮೇಧಾ ನಾನು."

"ಯಾರು ಹೇಳಿದ್ರು ನಿನಗ? ಕನಸು ಬಿದ್ದಿತ್ತೇನು?"

"ನಿಮ್ಮ ಅತ್ತಿ. ಗೇಟ್ನ್ಯಾಗ ನಿಂತು ಹೇಳಿದ್ರು. ಆಕಿ ಹೊರಗಾಗ್ಯಾಳ, ಮೂರು ದಿನ ಯಾರನ್ನೂ ನೋಡಂಗಿಲ್ಲ, ಹೋಗಿ ಬರ್ರಿ ಅಂದ್ರು. ಹೊರಗಾಗೀದಿ ಅಂದ ಮ್ಯಾಲೆ... ಮತ್ತೇನ್ ತಿಳ್ಕೊಳ್ಳಿ ನಾನು?"

ಮೇಧಾ ಮರದ ಕಟ್ಟೆಯ ಮೇಲೆ ಕುಳಿತಳು.

ಸೋದರತ್ತೆ ಗಂಗಾಬಾಯಿಯ ಮನೆಯಲ್ಲಿ ಮಡಿ ಹೆಚ್ಚು. ಮುಟ್ಟಾದ ಹೆಂಗಸು ಮೂರು ದಿನ ಹಿತ್ತಲ ಕೋಣೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಇಟ್ಟುಕೊಂಡು ಕೂಡಬೇಕು. ಒಂದು ತಿಂಗಳು ಕೂಡದೆ ಹೋದರೆ ಅದನ್ನು ಅಲ್ಲಿ ಯಾರಿಂದಲೂ ಮುಚ್ಚಿಡಲಾಗದು. ಅತ್ತೆಯ ಕಣ್ಣಿಗೆ ಹೆದರಿ ಮೇಧಾ ಆಗದಿದ್ದರೂ ಆದಂತೆ ಹೋಗಿ ಕುಳಿತಿದ್ದಳು. ಅತ್ತೆ ಅದನ್ನು ನಂಬಿದಳು. ನಂಬಿದ್ದನ್ನು ಗೇಟಿಗೆ ಬಂದವನಿಗೆ ಹೇಳಿದಳು.

"ನಾನು ಹೊರಗಾಗಿರಲಿಲ್ಲ ವಿಜಯ. ಸುಳ್ಳೇ ಕೂತಿದ್ದೆ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಹಂಗೂ ಕೂಡ್ತಾರೇನು?"

"ನಮ್ಮಂಥ ಮನ್ಯಾಗ ಕೂಡ್ತಾರ."

"ನಮ್ಮವ್ವ ಆ ದಿನಾನೂ ಹೊಲಕ್ಕ ಹೋಗ್ತಾಳ. ಯಾರಿಗೆ ಯಾವಾಗ ಅಂತ ನಮ್ಮ ಓಣ್ಯಾಗ ಯಾರಿಗೂ ಗೊತ್ತಾಗಂಗಿಲ್ಲ. ನನಗೇನ್ ಗೊತ್ತಿರತೈತಿ ಇದೆಲ್ಲ..." ಅವನು ಕೂದಲಲ್ಲಿ ಕೈಯಾಡಿಸಿದ. ಬೆರಳಿಗೆ ಕೆಂಪು ಧೂಳು ಹತ್ತಿತು. "ಫೋನ್ ಯಾಕ ಎತ್ತಲಿಲ್ಲ ನೀನು? ನಿನಗ ಜಾತಿ ನೆನಪಾತು ಅಂತ ತಿಳ್ಕೊಂಡೆ ನಾನು."

"ನೆನಪಾಗೂದಿದ್ರ ಮೊದಲನೇ ದಿನಾನ ಆಗ್ತಿತ್ತು. ಒಳ್ಳೇದಾತು ಅಂತ ಬರದಿದ್ದೆಲ್ಲ? ನನ್ನ ಕೈ ಬಿಟ್ಟು ಪಾರಾದಿ, ಅದಕ್ಕ ಒಳ್ಳೇದಾತು ಅಂದಿ... ಹಂಗ ಓದ್ಕೊಂಡೆ."

ಬಳ್ಳಾರಿ ಬಸ್ಸು ಹೊರಟು ಹೋಯಿತು.

"ನಡಿ, ಇವತ್ತೇ ಹೋಗಿ ಮದುವಿಗೆ ಅರ್ಜಿ ಕೊಟ್ಟು ಬರೋಣ" ಎಂದ ವಿಜಯಕುಮಾರ್.

ಮೇಧಾ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಈ ಡಬ್ಬಿ ನೋಡಿದ ಮ್ಯಾಲೆ ನೆನಪಾತಾ ಮದುವಿ? ನನ್ನ ಮ್ಯಾಲೆ ಉಪಕಾರ ಮಾಡಾಕ ಯಾರೂ ಬರೂದು ಬ್ಯಾಡ. ಇದರಾಗ ಏನೂ ಇಲ್ಲ ಅಂತ ಬಂದ್ರ ಏನ್ ಮಾಡ್ತಿ? ಗೆರಿ ಮೂಡೂಕಿಂತ ಮೊದಲು ಹೇಳು. ಮೂಡಿದ ಮ್ಯಾಲೆ ಹೇಳಿದ್ದು ನನಗ ಬ್ಯಾಡ."

ಅವನು ತಡಮಾಡಲಿಲ್ಲ.

"ಏನೂ ಇಲ್ಲ ಅಂತ ತಿಳ್ಕೊಂಡೇ ಇಷ್ಟು ದಿನ ಫೋನ್ ಮಾಡೀನಲ್ಲ ಮೇಧಾ. ದಿನಾ ಮಾಡೀನಿ. ಇವತ್ತು ಲ್ಯಾಬಿಗೆ ರಜಾ ಹಾಕಿ ನಿಮ್ಮ ಆಫೀಸಿಗೆ ಹೊಂಟಿದ್ದೆ, ದಾರ್ಯಾಗ ನೀ ಕಂಡಿ. ಮಗು ಐತಿ ಅಂತ ಅಲ್ಲ. ನೀ ಮಾತು ಬಿಟ್ಟೀದಿ ಅಂತ."

ಮೇಧಾ ತನ್ನ ಫೋನಿನತ್ತ ನೋಡಿದಳು. ಹೌದು... ಪ್ರತಿದಿನವೂ ಫೋನು ಅಲುಗಾಡಿತ್ತು. ತಾನೇ ಅದನ್ನು ದಿಂಬಿನ ಕೆಳಗೆ ಒತ್ತಿ ಹಿಡಿದಿದ್ದಳು.

ಅವಳು ಕಣ್ಣೊರೆಸಿಕೊಂಡು ಎದ್ದಳು. "ಮೊದಲು ನನ್ನ ಕೂಡ ಬಾ. ಮದುವಿ ಮಾತು ಆಮ್ಯಾಲೆ."

ಮೇಧಾಳ ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಅಲ್ಲಿನ ಸಿಸ್ಟರ್ ಕೊಟ್ರಬಸಮ್ಮ ಇಬ್ಬರನ್ನೂ ನೋಡಿದಳು. ಮೇಧಾಳ ಕೊರಳನ್ನು ನೋಡಲಿಲ್ಲ.

"ಕುಂದ್ರಿ. ಹೇಳವ್ವ, ಏನಾಗೇತಿ?"

ಮೇಧಾ ಎಲ್ಲವನ್ನೂ ಹೇಳಿದಳು.

"ನಾಳೆ ಬೆಳಿಗ್ಗಿ ಎದ್ದ ಕೂಡ್ಲೇ ನೋಡ್ಕೋ. ಎರಡು ಗೆರಿ ಬಂದ್ರ ಡಾಕ್ಟರಮ್ಮನ ಕಡೆ ಬಾ, ಖಾತ್ರಿ ಮಾಡ್ತಾರ. ಇಟ್ಕೋತೀನಂದ್ರ ಅದಕ್ಕ ದಾರಿ ಐತಿ. ಬ್ಯಾಡ ಅನಿಸಿದ್ರ ಅದಕ್ಕೂ ಕಾಯ್ದೆ ಪ್ರಕಾರ ದಾರಿ ಐತಿ. ಯಾರೋ ಹೇಳಿದ್ರು ಅಂತ ಕದ್ದು ಗುಳಿಗಿ ಮಾತ್ರ ನುಂಗಬ್ಯಾಡ, ಜೀವಕ್ಕ ಕುತ್ತು."

"ನಾನೇನರ ಸಹಿ ಮಾಡಬೇಕೇನ್ರಿ?" ಎಂದ ವಿಜಯಕುಮಾರ್.

"ನೀ ಸುಮ್ನ ಕುಂದ್ರು ತಮ್ಮಾ. ಆಕಿ ವಯಸ್ಸಿಗೆ ಬಂದಾಕಿ, ಆಕಿ ಸಹಿ ಸಾಕು. ನಿನ್ನ ಕೆಲಸ ಆಕಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಸೂದು."

ಮೇಧಾ ಎಷ್ಟೋ ದಿನಗಳ ಮೇಲೆ ನಕ್ಕಳು.

ಮರುದಿನ ಬೆಳಿಗ್ಗೆ ಗಂಗಾಬಾಯಿ ಸ್ನಾನ ಮಾಡಿ, ಗಂಡ ವಾಸುದೇವರಾಯರ ಪಟದ ಮುಂದೆ ಕುಳಿತು ತುಳಸಿ ಹಾರ ಕಟ್ಟುತ್ತಿದ್ದಳು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತಾಯಿ ಇಲ್ಲದ ಮೇಧಾಳನ್ನು ಇಬ್ಬರೂ ಮಗಳಂತೆ ಬೆಳೆಸಿದ್ದರು. ಇನ್ನೊಂದು ಸುಳ್ಳಿನ ಮರೆಯಲ್ಲಿ ಈ ಪರೀಕ್ಷೆ ಮಾಡಿಕೊಳ್ಳಬಾರದೆಂದು ಮೇಧಾ ನಿಶ್ಚಯಿಸಿದ್ದಳು.

"ಅತ್ಯಾ, ಹೋದ ತಿಂಗಳು ನಾ ಹೊರಗಾಗಿರಲಿಲ್ಲ. ಸುಳ್ಳು ಕೂತಿದ್ದೆ."

ಗಂಗಾಬಾಯಿಯ ಬೆರಳು ನಿಂತಿತು. ಅವಳು ಮೇಧಾಳ ಮುಖವನ್ನೂ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನೋಡಿದಳು.

"ನಾ ದೂರದಿಂದ ಎತ್ತಿ ಹಾಕಿದ ಅನ್ನ ಉಂಡೆಲ್ಲ ಮೂರು ದಿನ. ದೇವರ ಮನಿ ಇರೂ ಮನ್ಯಾಗ ಸುಳ್ಳು ಹೇಳ್ಕೋತ ಉಂಡಿ?"

"ಹೂಂ."

"ಯಾರಂವ?"

"ಅವತ್ತು ಗೇಟಿಗೆ ಬಂದಿದ್ನಲ್ಲ, ಅವನ. ಈಗೂ ಅಲ್ಲೇ ನಿಂತಾನ. ನೀವು ಹೊರಗ ಹೋಗಂದ್ರ ಹೋಗ್ತೀನಿ ಅತ್ಯಾ. ಆದ್ರ ತಲಿ ತಗ್ಗಿಸಿ ಹೋಗಂಗಿಲ್ಲ. ಸುಳ್ಳು ಹೇಳಿದ್ದು ತಪ್ಪು, ಅವನ್ನ ಪ್ರೀತಿ ಮಾಡಿದ್ದು ತಪ್ಪಲ್ಲ."

ಗಂಗಾಬಾಯಿ ಗಂಡನ ಪಟದತ್ತ ನೋಡಿದಳು. ಮನೆಯಲ್ಲಿ ದೀಪದ ಎಣ್ಣೆಯ ವಾಸನೆ ಇತ್ತು.

"ನಿಮ್ಮ ಮಾವ ಹೋದ ಮ್ಯಾಲೆ ನನಗ ಉಳದಾಕಿ ನೀ ಒಬ್ಬಾಕಿ" ಎಂದಳು. "ನೀನೂ ನನಗ ಅಂಜಿ ಹಿತ್ತಲದಾಗ ಹೋಗಿ ಕೂಡೂ ಹಂಗಾತು. ಮ್ಯಾಲೆ ನನ್ನ ಬಾಯಿಂದನೂ ಸುಳ್ಳು ಹೇಳಿಸಿದಿ."

ಹಾರವನ್ನು ತಟ್ಟೆಗಿಟ್ಟು ಎದ್ದಳು. ನೇರವಾಗಿ ಗೇಟಿಗೆ ಹೋದಳು. ಮೇಧಾ ಹೆದರಿ ಹಿಂಬಾಲಿಸಿದಳು.

"ಏನಪ್ಪಾ, ಅವತ್ತು ನಾ ಹೇಳಿದ್ದು ಸುಳ್ಳಾತು. ಗೊತ್ತಿಲ್ಲದ ಹೇಳಿದೆ. ಆದ್ರೂ ಹೇಳಿದ ಬಾಯಿ ನನ್ನದು."

"ಇರ್ಲಿ ಬಿಡ್ರಿ ಅಮ್ಮಾ."

"ಇರ್ಲಿ ಅನ್ನಬ್ಯಾಡ. ಸುಳ್ಳು ಹೇಳಿ ಕಳಿಸಿದಾಕಿ ನಾನು, ಒಳಗ ಕರಿಯೂದೂ ನಾನೇ ಕರೀಬೇಕು. ಬಾ, ಕುಂದ್ರು. ನಿನ್ನ ಜಾತಿ, ಮನೆತನ ಎಲ್ಲಾ ಆಮ್ಯಾಲೆ ಕೇಳ್ತೀನಿ. ಬಿಡಂಗಿಲ್ಲ ನಾ."

"ಕೇಳ್ರಿ. ನಾನೂ ಏನೂ ಮುಚ್ಚಿಡಂಗಿಲ್ಲ."

ಗಂಗಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾಯಿ ಅದ ಇವನಿಗೂ" ಎಂದು ಗೊಣಗಿ, ಚಪ್ಪಲಿ ಬಿಡುವ ಜಾಗ ತೋರಿಸಿ ದೇವರ ಮನೆಗೆ ಹೋದಳು. ಒಳಗಿನಿಂದ ಸಣ್ಣ ದನಿಯಲ್ಲಿ ಸ್ತೋತ್ರ ಕೇಳತೊಡಗಿತು. ಅದರ ನಡುನಡುವೆ ದನಿ ಒಡೆಯುತ್ತಿತ್ತು.

ಮೇಧಾ ಬಚ್ಚಲಿಗೆ ಹೋದಳು.

ಮೊದಲ ಗೆರೆ ಬೇಗ ಮೂಡಿತು. ಅವಳು ಗೋಡೆಗೆ ಒರಗಿ ಕಾದಳು. ರಾತ್ರಿಯೆಲ್ಲ ಕೊಟ್ರಬಸಮ್ಮ ಹೇಳಿದ ಎರಡು ದಾರಿಗಳನ್ನೂ ಅವಳು ಮನಸ್ಸಿನಲ್ಲೇ ನಡೆದು ನೋಡಿದ್ದಳು. *ಯಾವುದಾದರೂ ಆಗಲಿ, ಆರಿಸುವವಳು ನಾನೇ.* ಬಿಳಿಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಕಾಣಿಸಿಕೊಂಡಿತು.

ಪಡಸಾಲೆಗೆ ಬಂದಾಗ ವಿಜಯಕುಮಾರ್ ಎದ್ದು ನಿಂತ.

"ಎರಡು" ಎಂದಳು.

ಅವನು ಹತ್ತಿರ ಬಂದ. ಸಂತೋಷವೋ ಗಾಬರಿಯೋ ಅವನಿಗೇ ತಿಳಿದಂತಿರಲಿಲ್ಲ. ಆದರೆ ಅವನು ತನ್ನ ಮನಸ್ಸನ್ನು ಹೇಳಲಿಲ್ಲ, ಅವಳದನ್ನು ಕೇಳಿದ.

"ನಿನ್ನ ಮನಸ್ಸಿನಾಗ ಏನೈತಿ ಮೇಧಾ?"

"ಇಟ್ಕೋತೀನಿ. ನೀ ಬಂದೀದಿ ಅಂತ ಅಲ್ಲ, ಜನರಿಗೆ ಅಂಜಿನೂ ಅಲ್ಲ. ನನಗ ಬೇಕು."

"ಮತ್ತ... ನಾನು?"

"ನೀನೂ ಬೇಕು. ಆದ್ರ ಅದು ಬ್ಯಾರೆ ಮಾತು, ತಿಳೀತಾ? ಮಗುವಿನ ಸಲುವಾಗಿ ನಿನ್ನ ಮದುವಿ ಆಗಂಗಿಲ್ಲ. ನಿನ್ನ ಸಲುವಾಗಿ ಆಗ್ತೀನಿ."

ಅವನು ತಲೆಯಾಡಿಸಿದ. ಅವಳ ಕೈಯನ್ನು ಹಿಡಿದಾಗ ಅವಳು ಅವನ ಬೆರಳುಗಳನ್ನು ಬಿಡದೆ ಬಿಗಿಯಾಗಿ ಹಿಡಿದುಕೊಂಡಳು. ಅಂಗಡಿಯವನಿಗೂ, ಅತ್ತೆಗೂ, ತನಗೂ ಎದುರು ನಿಂತ ಹುಡುಗಿಯ ಕೈ ಇದು ಎಂದು ಅವನಿಗೆ ನಂಬಲಾಗಲಿಲ್ಲ.

"ಅಂಜಿಕಿ ಆಗೇತೇನು?"

"ಭಾಳ" ಎಂದಳು ಮೇಧಾ. "ನಿನಗ?"

"ನನಗೂ."

ಅವಳು ಅವನ ಹೆಗಲಿಗೆ ಹಣೆ ಇಟ್ಟಳು.

"ಹಂಗಾದ್ರ ಕೂಡೇ ಅಂಜೋಣ."